ಕೆಂಪಿಗೆ ಕೆಂಪು, ಗುಲಾಬಿಗೆ ಗುಲಾಬಿ

ಮೂರನೆಯ ಸೆನ್ಸರ್ ಕೂಡ ಸರಿಯಾಗಿಯೇ ಇತ್ತು. ಹಾಲು ಕಾಯಿಸುವ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ದಾರ ಕಟ್ಟಿ ಇಳಿಬಿಟ್ಟ ಹಿತ್ತಾಳೆಯ ಆ ಗೇಣುದ್ದವೂ ಇಲ್ಲದ ತುಂಡು ನೀರಿನೊಳಗೆ ಬೇಯುತ್ತಿತ್ತು. ಅದರ ಬಾಲಕ್ಕೆ ಸಿಕ್ಕಿಸಿದ ಮೀಟರಿನಲ್ಲಿ, ನೀರಿನ ಬಿಸಿ ಏರಿದ ಹಾಗೆಲ್ಲ ವಿದ್ಯುತ್ ತಡೆಯ ಅಂಕಿ ಶಿಸ್ತಾಗಿ ಕೆಳಗಿಳಿಯುತ್ತಿತ್ತು. ಇಳಿಯಬೇಕಾದದ್ದೇ ಹಾಗೆ. ಇಂಜಿನ್ನಿನ ಮೈಯೊಳಗೆ ಕೂತು, ಸುತ್ತ ಹರಿಯುವ ನೀರು ಎಷ್ಟು ಬಿಸಿಯಾಗಿದೆ ಎಂದು ಮೇಲಿನವರಿಗೆ ವರದಿ ಒಪ್ಪಿಸುವುದೊಂದೇ ಅದರ ಕೆಲಸ, ಆ ಕೆಲಸವನ್ನು ಅದು ಹಾಲಿನ ಪಾತ್ರೆಯಲ್ಲೂ ಚಾಚೂ ತಪ್ಪದೆ ಮಾಡುತ್ತಿತ್ತು. ಊರಿನವರೆಲ್ಲ ಕೆಟ್ಟದ್ದು ಸರಿಯಾಗಲಪ್ಪಾ ಎಂದು ದೇವರನ್ನು ಬೇಡಿಕೊಂಡರೆ, ಅಳಿಯ ಒಬ್ಬನೇ, ಒಲೆಯ ಮುಂದೆ ಚಡ್ಡಿಯಲ್ಲಿ ನಿಂತು, ಇದೊಂದಾದರೂ ಕೆಟ್ಟಿರಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದ. ಕೆಟ್ಟಿದ್ದರೆ ತಪ್ಪೆಲ್ಲ ಅದರ ತಲೆಗೆ ಹೋಗುತ್ತಿತ್ತು. ಸರಿಯಾಗಿದ್ದದ್ದರಿಂದ ಈಗ ಯಾರೋ ಒಬ್ಬರು ಕೆಟ್ಟವರಾಗಲೇಬೇಕಿತ್ತು, ಆ ಒಬ್ಬರು ಅಡುಗೆಮನೆಯ ಬಾಗಿಲಿನ ಆಚೆ, ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು, ಎಲ್ಲಿಗೂ ಹೋಗುವುದಕ್ಕಿಲ್ಲದೆ, ಕುರ್ಚಿಯಲ್ಲಿ ಕೂತಿದ್ದರು.

ಮಾವ ಎಂದಿನಂತೆ ಎದ್ದಿದ್ದರು, ಎಂದಿನಂತೆ ಗಡ್ಡ ಹೆರೆದಿದ್ದರು, ಎಂದಿನಂತೆ ಅಂಗಿಯ ಜೇಬಿಗೆ ಟೆಸ್ಟರ್ ಸಿಕ್ಕಿಸಿಕೊಂಡಿದ್ದರು. ಆಮೇಲೆ ಚಪ್ಪಲಿಯ ಹತ್ತಿರ ಹೋಗಿ, ಒಂದು ಗಳಿಗೆ ಅದನ್ನು ನೋಡಿ, ವಾಪಸು ಬಂದು ಕೂತಿದ್ದರು. ನಿನ್ನೆ ಸಂಜೆ ಯಾರ್ಡಿನ ಓನರು ಅವರಿಗೆ, ಇನ್ನು ಮೇಲೆ ಮನೆಯಲ್ಲಿ ಆರಾಮಾಗಿರಿ ಮೇಸ್ತ್ರಿ, ಎಷ್ಟು ದಿನಾಂತ ದುಡೀತೀರಿ ಎಂದು ಬಹಳ ನಯವಾಗಿ ಹೇಳಿದ್ದ. ಹಾಗೆ ಹೇಳಿಸಿದವನು ಅಳಿಯ. ಬೇಕಂತ ಅಲ್ಲ. ಹಳೆಯ ಎಕ್ಸ್‌ಕವೇಟರುಗಳನ್ನು ಕೊಂಡು, ತೊಳೆದು, ಬಣ್ಣ ಬಳಿದು ಮಾರುವ ಆ ಯಾರ್ಡಿನಲ್ಲಿ ನಿನ್ನೆ ಒಬ್ಬ ಕಂಟ್ರಾಕ್ಟರ್ ಬಂದು, ಹಳದಿ ಬಣ್ಣ ಇನ್ನೂ ಅಂಟಂಟಾಗಿದ್ದ ಒಂದು ಯಂತ್ರವನ್ನು ಮಣ್ಣಿಗೆ ಇಳಿಸಿ ನೋಡಿದ. ಮೊದಲಿಗೆ ಯಂತ್ರ ಹುಲಿಯ ಹಾಗೆ ಅಗೆಯಿತು. ಸ್ವಲ್ಪ ಹೊತ್ತಾದ ಮೇಲೆ, ಬಕೆಟ್ಟಿನ ತುಂಬ ಮಣ್ಣು ಎತ್ತಿದ್ದಾಗಲೇ, ಉಸಿರು ಕಟ್ಟಿದಂತೆ ಬಳಲಿ ಬಳಲಿ ನಿಂತಿತು. ಬಿಸಿ ತೋರಿಸುವ ಮುಳ್ಳು ಮಾತ್ರ ಎಲ್ಲೋ ಕೆಳಗೆ, ಈಗ ತಾನೇ ಎದ್ದು ಹಲ್ಲುಜ್ಜುತ್ತಿದ್ದೇನೆ ಎಂಬಂತೆ ಮಲಗಿತ್ತು. ಕಂಟ್ರಾಕ್ಟರ್ ಹಲ್ಲುಕಡ್ಡಿ ಬಾಯಿಯಿಂದ ತೆಗೆದ. ಓನರು ಅಳಿಯನ ಮುಖ ನೋಡಿದ. ಏನಾದರೂ ಹೇಳಬೇಕಿತ್ತು, ಏನೂ ತೋಚದೆ ಅಳಿಯನ ನಾಲಿಗೆ ತಾನೇ ಹೇಳಿತು: ಮಾವನವರ ಕಣ್ಣು ಈಗ ಮೊದಲಿನ ಹಾಗಿಲ್ಲ ಸಾರ್, ಎಲ್ಲೋ ಏನೋ ತಪ್ಪು ಮಾಡಿರಬೇಕು. ಮಾವ ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ‘ಇರಬಹುದು’ ಎಂದಿದ್ದರು.

ಇರಬಹುದು. ರಾತ್ರಿಯೆಲ್ಲ ಆ ಪದ ಅಳಿಯನ ದಿಂಬಿನ ಕೆಳಗೆ ಸೇರಿಕೊಂಡಿತ್ತು. ಅವನಿಗೆ ಮಾವನ ಮೇಲೆ ದ್ವೇಷವೇನಿರಲಿಲ್ಲ. ಇದ್ದದ್ದು ಬೇರೆ ಒಂದು ಕಸಿವಿಸಿ. ಮದುವೆಯಾಗಿ ಈ ಮನೆಗೆ ಬಂದು ಸೇರಿದವನು ಅವನು, ಮನೆ ಅಳಿಯ. ಮಾವನ ಹಿಂದೆ ಯಾರ್ಡಿಗೆ ಕೆಲಸ ಕಲಿಯಲು ಹೋದಾಗ ಓನರು ಇವನ್ಯಾರು ಎಂದು ಕೇಳಿದ್ದಕ್ಕೆ ಮಾವ ನಮ್ಮ ಅಳಿಯ ಎಂದಿದ್ದರು, ಅಷ್ಟೇ, ಅವತ್ತಿನಿಂದ ಓನರಿಗೂ ಅಳಿಯ, ವಾಚ್‌ಮನ್ನಿಗೂ ಅಳಿಯ, ಟೀ ತರುವವನಿಗೂ ಅಳಿಯ. ತಲೆಯಲ್ಲಿ ಬಿಳಿ ಕೂದಲು ಬಂದರೂ ಅಳಿಯ. ಮುಖ ಪರಿಚಯವಿಲ್ಲದ ಗಿರಾಕಿ ಕೂಡ ಒಳಗೆ ಬಂದವನೇ, ‘ಏನ್ ಅಳಿಯಂದಿರೇ, ಮೇಸ್ತ್ರಿ ಇಲ್ವಾ?’ ಎನ್ನುತ್ತಿದ್ದ, ಇವನು ಕೈಯಲ್ಲಿ ಸ್ಪ್ಯಾನರ್ ಹಿಡಿದು, ಮೈಯೆಲ್ಲ ಗ್ರೀಸಾಗಿ, ಅರ್ಧ ಇಂಜಿನ್ ಬಿಚ್ಚಿ ಎದುರಿಗೇ ನಿಂತಿರುತ್ತಿದ್ದ. ಮೇಸ್ತ್ರಿ ಎಂಬ ಪದ ಒಂದೇ ಒಂದು, ಅದು ಮಾವನ ಬಳಿ ಇತ್ತು, ಅವರು ಅದನ್ನು ಬಚ್ಚಿಟ್ಟುಕೊಂಡಿರಲಿಲ್ಲ, ಆದರೆ ಬಿಟ್ಟೂ ಕೊಟ್ಟಿರಲಿಲ್ಲ.

‘ರೀ, ಹಾಲಿನ ಪಾತ್ರೆ!’ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳು ಒಲೆ ಆರಿಸಿ, ದಾರ ಹಿಡಿದು ಸೆನ್ಸರನ್ನು ಸತ್ತ ಇಲಿಯಂತೆ ಎತ್ತಿ ಅವನ ಕೈಗೆ ಕೊಟ್ಟು, ಪಾತ್ರೆಯನ್ನು ಉಜ್ಜಲು ತೊಡಗಿದಳು. ಉಜ್ಜುವ ಸದ್ದಿನಲ್ಲೇ ಅವಳು ಹೇಳಬೇಕಾದದ್ದೆಲ್ಲ ಇತ್ತು. ಆಮೇಲೆ ಗಂಡನ ಹತ್ತಿರ ಬಂದು ದನಿ ತಗ್ಗಿಸಿ, ಬೆಳಗ್ಗೆ ಎದ್ದಾಗಿನಿಂದ ಅಪ್ಪ ಏನೇನು ಮಾಡಿದ್ದಾನೆಂದು ಒಪ್ಪಿಸಿದಳು. ಬಚ್ಚಲಿನ ನಲ್ಲಿ ಬಿಚ್ಚಿ ಹಾಕಿದ್ದಾನೆ. ಅದು ಮೊದಲು ಹನಿಯುತ್ತಿತ್ತು, ಈಗ ಹನಿಯುವುದೂ ಇಲ್ಲ, ಬರುವುದೂ ಇಲ್ಲ. ಫ್ಯಾನಿನ ಸದ್ದು ಸರಿಯಿಲ್ಲ ಎಂದು ಸ್ಟೂಲ್ ಹತ್ತಿದವನನ್ನು ಇಳಿಸುವಷ್ಟರಲ್ಲಿ ಸಾಕುಸಾಕಾಯಿತು. ಈಗ ಮಿಕ್ಸಿಯ ಮೇಲೆ ಕಣ್ಣು ಬಿದ್ದಿದೆ. ‘ಒಂದೇ ಬೆಳಗ್ಗೆಗೆ ಇಷ್ಟು. ಅವರನ್ನ ಯಾರ್ಡಿಗೆ ವಾಪಸ್ ಕರ್ಕೊಂಡ್ ಹೋಗಿ, ಇಲ್ಲಾಂದ್ರೆ ನನ್ನನ್ನೇ ಅಲ್ಲಿ ಕೆಲಸಕ್ಕೆ ಸೇರಿಸಿ’ ಎಂದಳು. ಅವಳ ಕಣ್ಣು ತುಂಬಿತ್ತು, ಬೈಯುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿದ್ದಂತಿರಲಿಲ್ಲ. ನಿನ್ನೆ ಅಪ್ಪನಿಗೆ ಅಲ್ಲಿ ಏನಾಯಿತು, ಯಾರು ಏನಂದರು ಎಂದು ಅವಳು ರಾತ್ರಿಯೇ ಕೇಳಿದ್ದಳು. ಅಳಿಯ, ವಯಸ್ಸಾಯ್ತಲ್ಲ ಎಂದು ಮಗ್ಗುಲು ಬದಲಿಸಿದ್ದ.

ಅವನು ಪ್ಯಾಂಟು ಹಾಕಿಕೊಂಡು, ಮೀಟರು, ಸೆನ್ಸರು ಚೀಲಕ್ಕೆ ತುರುಕಿ, ಮಾವನ ಮುಖ ನೋಡದೆ ದಾಟಿಹೋಗುವ ಉಪಾಯದಲ್ಲಿದ್ದ. ಮನೆ ಎಷ್ಟು ಚಿಕ್ಕದೆಂದರೆ ಮಾವನ ಮೊಣಕಾಲು ದಾಟದೆ ಯಾರೂ ಬಾಗಿಲು ಮುಟ್ಟುವಂತಿರಲಿಲ್ಲ. ಮಾವ ಕಾಲು ಸರಿಸಿ ದಾರಿ ಕೊಟ್ಟರು. ಅದೂ ಅವನಿಗೆ ಚುಚ್ಚಿತು. ಸ್ವಂತ ಮನೆಯಲ್ಲಿ ನೆಂಟರ ಹಾಗೆ ಕಾಲು ಸರಿಸುತ್ತಾರಲ್ಲ ಎಂದು. ಇದೂ ಸರಿಯಾಗಿದೆಯಾ, ಎಂದು ಅವರು ಕೇಳಿದರು. ಸರಿಯಾಗಿದೆ ಎಂದ. ಮಾವ ತುಸು ಹೊತ್ತು ನೆಲ ನೋಡಿದರು.

‘ಸೆನ್ಸರ್ ಸರಿಯಾಗಿದ್ರೆ ಅದು ನಿಜಾನೇ ಹೇಳ್ತಾ ಇದೆ ಅಂತಾಯ್ತು. ಯಾರ ವಿಷಯದಲ್ಲಿ ಹೇಳ್ತಾ ಇದೆ, ಅದನ್ನ ನೋಡು.’

ಯಾರ್ಡಿನವರೆಗೂ ಸ್ಕೂಟರಿನ ಮೇಲೆ ಆ ಮಾತನ್ನು ಜಗಿಯುತ್ತಲೇ ಹೋದ. ಹಿಂದಿನ ಸೀಟು ಖಾಲಿಯಿತ್ತು. ಇಷ್ಟು ವರ್ಷ ಅಲ್ಲಿ ಕೂತು, ತಿರುವು ಬಂದಾಗೆಲ್ಲ ‘ಹ್ಞೂಂ, ಹ್ಞೂಂ’ ಎಂದು ಎಚ್ಚರಿಸುತ್ತಿದ್ದ ಭಾರ ಇಲ್ಲದೆ ಗಾಡಿ ಕುಣಿದಾಡುತ್ತಿತ್ತು. ಹಿಂದೆ ಅದೇ ಹ್ಞೂಂಕಾರಕ್ಕೆ ಅವನು ಎಷ್ಟು ಸಲ ಹಲ್ಲು ಕಚ್ಚಿದ್ದನೋ. ಈಗ ಸಿಗ್ನಲ್ಲಿನಲ್ಲಿ ಯಾರೋ ಹಿಂದಿನಿಂದ ಬೈದಾಗ, ತಿರುವಿನಲ್ಲಿ ಕೈ ತೋರಿಸಲಿಲ್ಲವೆಂಬುದು ನೆನಪಾಯಿತು. ಯಂತ್ರಗಳ ಸಾಲಿನ ನಡುವೆ, ತೋಳಿನಂಥ ಬೂಮು ನೆಲಕ್ಕೂರಿ ತಲೆತಗ್ಗಿಸಿ ನಿಂತ ಆ ಹಳದಿ ಎಕ್ಸ್‌ಕವೇಟರು ಅವನಿಗಾಗಿಯೇ ಕಾಯುತ್ತಿತ್ತು. ಕಂಟ್ರಾಕ್ಟರ್ ಮಧ್ಯಾಹ್ನದೊಳಗೆ ಮತ್ತೆ ಬರುವವನಿದ್ದ. ಓನರು ಆಫೀಸಿನ ಕಿಟಕಿಯಿಂದಲೇ ಕೂಗಿ, ಇವತ್ತು ಆಗಲಿಲ್ಲ ಅಂದ್ರೆ ಅಳಿಯ, ನಿಮ್ಮಿಬ್ಬರನ್ನೂ ಒಟ್ಟಿಗೇ ಮನೇಲಿ ಕೂರಿಸ್ತೀನಿ ಎಂದ. ನಗುತ್ತಲೇ ಅಂದ, ಆದರೆ ಅವನು ಜನರನ್ನು ಕೆಲಸದಿಂದ ತೆಗೆಯುವಾಗಲೂ ನಗುತ್ತಿದ್ದ.

ಅಳಿಯ ಇಂಜಿನ್ನಿನ ಮುಚ್ಚಳ ಎತ್ತಿ, ಸೆನ್ಸರನ್ನು ಅದರ ಗೂಡಿಗೆ ತಿರುಗಿಸಿ ಕೂರಿಸಿ, ವೈರಿನ ತುದಿಯ ಪ್ಲಾಸ್ಟಿಕ್ ಬಾಯಿಯನ್ನು, ಅವರ ಮಾತಿನಲ್ಲಿ ಕಪ್ಲರನ್ನು, ಅದಕ್ಕೆ ಕಚ್ಚಿಸಿದ. ಯಂತ್ರ ಚಾಲೂ ಮಾಡಿ ಬಿಸಿಯಾಗಲು ಬಿಟ್ಟ. ರೇಡಿಯೇಟರಿನ ಮೇಲೆ ಕೈಯಿಟ್ಟರೆ ಚುರ್ರೆನ್ನುವಷ್ಟು ಕಾದರೂ ಮುಳ್ಳು ತಣ್ಣಗೆ ಕೆಳಗೇ ಇತ್ತು. ನಿಜಾನೇ ಹೇಳ್ತಾ ಇದೆ. ಯಾರ ವಿಷಯ? ಮಾವನ ದನಿ ಕಿವಿಯ ಪಕ್ಕದಲ್ಲೇ ಕೇಳಿದಂತಾಗಿ, ಸಿಟ್ಟಿಗೋ ಏನೋ, ಇಂಜಿನ್ ಓಡುತ್ತಿರುವಾಗಲೇ ಆ ಕಪ್ಲರನ್ನು ಕಿತ್ತ. ನೀರಿನ ಸೆನ್ಸರ್ ಕಿತ್ತರೆ ಪರದೆಯ ಮೇಲೆ ನೀರಿನ ಗುರುತು ಬಂದು ಅರಚಬೇಕು. ಅವನು ಕ್ಯಾಬಿನ್ ಹತ್ತಿ ನೋಡಿದ. ಅರಚುತ್ತಿದ್ದದ್ದು ಡೀಸೆಲ್ಲಿನ ಗುರುತು. ಅಳಿಯ ಸೀಟಿನ ಅಂಚಿನಲ್ಲಿ ಕೂತುಬಿಟ್ಟ. ಡೀಸೆಲ್ ಎಷ್ಟು ಬಿಸಿಯಿದೆ ಎಂದು ಹೇಳುವ ಇನ್ನೊಂದು ಸೆನ್ಸರ್ ಅಲ್ಲೇ ಪಕ್ಕದಲ್ಲಿತ್ತು. ಅದೇ ಗಾತ್ರ, ಅದೇ ಕಪ್ಲರು, ಅಳಿಯ ಅಲ್ಲ ಮಗಳ ಗಂಡ. ಎರಡರ ಬಾಯಿ ಅದಲು ಬದಲಾಗಿತ್ತು. ಮುಳ್ಳು ಇಷ್ಟು ದಿನವೂ ಡೀಸೆಲ್ಲಿನ ಬಿಸಿಯನ್ನು ನೀರಿನ ಹೆಸರಿನಲ್ಲಿ ಹೇಳುತ್ತಿತ್ತು. ಒಳಗಿನ ಪುಟ್ಟ ಕಂಪ್ಯೂಟರು ಕಾದ ನೀರಿನ ಸುದ್ದಿಯನ್ನು ಡೀಸೆಲ್ಲಿನದೆಂದು ನಂಬಿ, ಅಯ್ಯಯ್ಯೋ ಡೀಸೆಲ್ ಕುದಿಯುತ್ತಿದೆ ಎಂದು ಹೆದರಿ, ಇಂಜಿನ್ನಿನ ಕತ್ತು ಹಿಸುಕುತ್ತಿತ್ತು. ಎಲ್ಲರೂ ಪ್ರಾಮಾಣಿಕರೇ. ಹಾಲಿನ ಪಾತ್ರೆಯಲ್ಲಿ ಮೂರು ಸೆನ್ಸರು ಬೇಯಿಸಿದವನೊಬ್ಬನೇ ದಡ್ಡ.

ಯಂತ್ರ ಆರಿಸಿ ಕೆಳಗಿಳಿದು ಬಂದವನಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಒಂದು ಬಗೆಯ ಕೆಟ್ಟ ಸಮಾಧಾನ. ಹಾಗಾದರೆ ನಾನು ಅಂದದ್ದು ಸುಳ್ಳಾಗಲಿಲ್ಲ. ಮಾವನೇ ತಪ್ಪು ಮಾಡಿದ್ದು, ಕಣ್ಣು ಮೊದಲಿನ ಹಾಗಿಲ್ಲ. ಆ ಸಮಾಧಾನದಲ್ಲೇ ಬನಿಯನ್ ಚಿಂದಿಯಿಂದ ಎರಡು ಕಪ್ಲರುಗಳ ಮೇಲಿನ ಗ್ರೀಸು ಒರೆಸಿದ. ಒಂದರ ಮೇಲೆ ಕೆಂಪು ಬೊಟ್ಟು ಕಂಡಿತು. ಅದು ಕಚ್ಚಿಕೊಂಡಿದ್ದ ಸೆನ್ಸರಿನ ಬುಡದಲ್ಲಿ ಗುಲಾಬಿ ಬೊಟ್ಟು. ಇನ್ನೊಂದರ ಮೇಲೆ ಗುಲಾಬಿ. ಅದರ ಜೊತೆಗಾರನ ಬುಡದಲ್ಲಿ ಕೆಂಪು. ಮಾವನ ನೈಲ್ ಪಾಲಿಷ್. ಯಾವ ಕಪ್ಲರ್ ಬಿಚ್ಚಿದರೂ ಮೊದಲು ಎರಡು ಕಡೆಗೂ ಒಂದೇ ಬಣ್ಣದ ಬೊಟ್ಟಿಡುವುದು ಮಾವನ ಪದ್ಧತಿ. ಕೆಂಪಿಗೆ ಕೆಂಪು, ಗುಲಾಬಿಗೆ ಗುಲಾಬಿ. ಸೆನ್ಸರು ಬದಲಾಯಿಸಿದರೂ ಬೊಟ್ಟು ಅಳಿಯದಿರಲಿ ಎಂದು ಗೂಡಿನ ಬುಡಕ್ಕೇ ಇಡುತ್ತಿದ್ದರು. ಯಾರ್ಡಿನವರೆಲ್ಲ ಇದಕ್ಕೆ ನಗುತ್ತಿದ್ದರು. ಹೆಂಡತಿ ಕೂಡ ಒಮ್ಮೆ ಹೇಳಿದ್ದಳು, ಚಿಕ್ಕವಳಿದ್ದಾಗ ಅಪ್ಪ ತಿಂಗಳಿಗೊಂದು ನೈಲ್ ಪಾಲಿಷ್ ತರುತ್ತಿದ್ದ, ನನ್ನಂಥ ಮುದ್ದಿನ ಮಗಳೇ ಇಲ್ಲ ಅಂದುಕೊಂಡು ಕೈ ಚಾಚಿ ಕೂತರೆ, ಎರಡು ಬೆರಳಿಗೆ ಹಚ್ಚಿ ಉಳಿದದ್ದನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದ ಎಂದು.

ಕೆಂಪು ಮತ್ತು ಗುಲಾಬಿಯನ್ನು ನೋಡುತ್ತ ನಿಂತಿದ್ದಂತೆ, ಯಾರೂ ಕರೆಯದೆ, ಈ ಯಂತ್ರವನ್ನು ಜೋಡಿಸಿದ ಆ ಮಧ್ಯಾಹ್ನ ಪೂರ್ತಿಯಾಗಿ ಬಂದು ಅವನ ಎದುರು ನಿಂತಿತು. ಇಂಜಿನ್ ತೊಳೆದು ಒಣಗಿಸಿದ್ದರು. ಮಾವ ಎಲ್ಲ ಕಪ್ಲರು ಹಾಕಿ, ಕೊನೆಯ ಎರಡು ಉಳಿದಿದ್ದಾಗ ಓನರು ಆಫೀಸಿಗೆ ಕರೆದ. ಮಾವ ಚಿಂದಿಗೆ ಕೈ ಒರೆಸುತ್ತ, ಆ ಎರಡು ಇರಲಿ, ಬಂದು ಹಾಕ್ತೀನಿ, ನೀನು ಮುಟ್ಟಿದ್ರೆ ಬಣ್ಣ ನೋಡ್ಕೊಂಡು ಹಾಕು ಎಂದು ಹೋದರು. ಅದೇ ಹೊತ್ತಿಗೆ ಒಬ್ಬ ಗಿರಾಕಿ ಗೇಟಿನಿಂದ ಬಂದು, ಅಳಿಯಂದಿರೇ, ಕೆಲಸ ಗೊತ್ತಿರೋರು ಯಾರಾದರೂ ಇದ್ದಾರಾ ಎಂದು ಕೇಳಿದ. ಕೆಲಸ ಗೊತ್ತಿರೋರು! ಅಳಿಯನ ಕಿವಿ ಕಾದು ಕೆಂಪಾಯಿತು. ಬಣ್ಣ ನೋಡ್ಕೊಂಡು ಹಾಕಬೇಕಂತೆ, ಬಾಲವಾಡಿ ಮಗುವಿಗೆ ಹೇಳೋ ಹಾಗೆ. ನನಗೇನು ಕಪ್ಲರ್ ಹಾಕೋದಕ್ಕೆ ಬರೋದಿಲ್ವಾ ಎಂದು ಗೊಣಗುತ್ತ, ಬೇಕಂತಲೇ ಬಣ್ಣದ ಕಡೆ ನೋಡದೆ, ಎರಡನ್ನೂ ಟಕ್ ಟಕ್ ಎಂದು ಒತ್ತಿದ್ದ. ಆ ಟಕ್ ಟಕ್ ಕೈಗೆ ಎಷ್ಟು ಹಿತವಾಗಿತ್ತು ಎಂಬುದು ಕೂಡ ಈಗ ನೆನಪಾಯಿತು. ಕಣ್ಣು ಸರಿಯಿಲ್ಲದ್ದು ಮಾವನಿಗಲ್ಲ. ಕಣ್ಣು ಸರಿಯಿದ್ದೂ ನೋಡದಿದ್ದವನು ಇಲ್ಲಿ ನಿಂತಿದ್ದ.

ಪಕ್ಕದಲ್ಲೇ, ಬಣ್ಣ ಬಳಿಯುವವರು ಬಿಟ್ಟುಹೋದ ಥಿನ್ನರಿನ ಡಬ್ಬಿಯಿತ್ತು. ಚಿಂದಿಗೆ ನಾಲ್ಕು ಹನಿ ಹಾಕಿ ಒಂದು ಸಲ ಎಳೆದರೆ ಕೆಂಪೂ ಇಲ್ಲ, ಗುಲಾಬಿಯೂ ಇಲ್ಲ. ಅಳಿಯ ಡಬ್ಬಿಯ ಮುಚ್ಚಳ ತೆಗೆದ. ಆ ವಾಸನೆ ಮೂಗಿಗೆ ಬಡಿದೊಡನೆ, ಯಾರೋ ನೋಡುತ್ತಿದ್ದಾರೆನ್ನಿಸಿ ಬೆಚ್ಚಿ ತಿರುಗಿದ. ಯಾರ್ಡಿನ ನಾಯಿ ನೋಡುತ್ತಿತ್ತು. ಏನೋ ಒರೆಸುವವನಂತೆ ನಟಿಸಲು ಹೋಗಿ ತನ್ನ ಅಂಗಿಯ ಮೇಲೇ ಅರ್ಧ ಡಬ್ಬಿ ಸುರಿದುಕೊಂಡ. ಹೊಟ್ಟೆಯ ಮೇಲೆ ತಣ್ಣಗೆ ಹರಿದ ಥಿನ್ನರು ಆಮೇಲೆ ಉರಿಯತೊಡಗಿತು. ಹಾಳಾಗಿ ಹೋಗಲಿ ಎಂದು ಮುಚ್ಚಳ ಹಾಕಿ, ಕೆಂಪಿಗೆ ಕೆಂಪು, ಗುಲಾಬಿಗೆ ಗುಲಾಬಿ ಕಚ್ಚಿಸಿದ. ಯಂತ್ರ ಚಾಲೂ ಮಾಡಿದ. ಮುಳ್ಳು ಮೆಲ್ಲಗೆ, ಗೌರವದಿಂದ, ನಡುಮಧ್ಯಕ್ಕೆ ಏರಿ ನಿಂತಿತು.

ಕಂಟ್ರಾಕ್ಟರ್ ಬಂದು ಅಗೆಸಿ ನೋಡಿದ. ಎಷ್ಟು ಹೊತ್ತು ಅಗೆಸಿದನೆಂದರೆ ಯಾರ್ಡಿನ ಹಿಂಭಾಗದಲ್ಲಿ ಕೆರೆ ತೋಡಲು ಹೊರಟಿದ್ದಾನೋ ಎನ್ನಿಸಿತು. ಯಂತ್ರ ಬಳಲಲಿಲ್ಲ, ಮುಳ್ಳು ಅಲುಗಲಿಲ್ಲ. ಏನಾಗಿತ್ತು ಎಂದು ಓನರು ಕೇಳಿದ. ಅಳಿಯ ಕಪ್ಲರುಗಳು ಅದಲು ಬದಲಾಗಿದ್ದವು ಎಂದ. ಆಗಿದ್ದವು ಎಂದರೆ, ಯಾರೂ ಮಾಡದೆ, ಮಳೆ ಬಂದ ಹಾಗೆ, ತಾವಾಗಿಯೇ ಆದವು. ಮುಂದಿನ ಮಾತು ಇನ್ನೇನು ಬಾಯಿಗೆ ಬರಬೇಕು, ಅಷ್ಟರಲ್ಲಿ ಓನರು, ನೋಡಿದ್ಯಾ, ನೀನು ನಿನ್ನೆ ಹೇಳಿದ್ದೇ ಸರಿ, ಪಾಪ ವಯಸ್ಸು ಎಂದುಬಿಟ್ಟ. ಕಂಟ್ರಾಕ್ಟರು ಹಲ್ಲುಕಡ್ಡಿ ತೆಗೆದು, ಮಾವನ ತಪ್ಪನ್ನ ತಿದ್ದೋ ಅಳಿಯ ಸಿಗೋಕೂ ಪುಣ್ಯ ಮಾಡಿರಬೇಕು ಎಂದ. ಅಲ್ಲ ಸಾರ್, ಎಂದು ಅಳಿಯ ಶುರು ಮಾಡಿದ. ಓನರು ಅವನ ಬೆನ್ನು ತಟ್ಟಿ, ಅಲ್ಲ ಗಿಲ್ಲ ಏನೂ ಬೇಡ, ಇನ್ನು ಅಳಿಯ ಗಿಳಿಯ ಅಂತ ಕರೆಯೋದು ಚೆನ್ನಾಗಿರಲ್ಲ ಎಂದು, ವಾಚ್‌ಮನ್ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ, ‘ಮೇಸ್ತ್ರಿಗೆ ಒಂದು ಟೀ ತಗೊಂಬಾ’ ಎಂದು ಕೂಗಿದ.

ಅಳಿಯನಿಗೆ ಮೊದಲು ಅರ್ಥವಾಗಲಿಲ್ಲ. ಮಾವ ಬಂದರೇನೋ ಎಂದು ಗೇಟಿನ ಕಡೆ ನೋಡಿದ. ಆಮೇಲೆ ಅರ್ಥವಾಯಿತು. ಟೀ ಬಂತು. ದಿನಾ ಬರುವ ಕಾಗದದ ಲೋಟದಲ್ಲಲ್ಲ, ಮಾವನಿಗೆ ಕೊಡುತ್ತಿದ್ದ ಗಾಜಿನ ಲೋಟದಲ್ಲಿ. ಅವನು ಅದನ್ನು ಕುಡಿದ. ಕುಡಿಯಬಾರದಿತ್ತು, ಕುಡಿದ, ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ಬಹಳ ರುಚಿಯಾಗಿತ್ತು. ಮೇಸ್ತ್ರಿ, ಇಲ್ಲಿ ನೋಡಿ. ಮೇಸ್ತ್ರಿ, ಈ ಪೈಪ್ ಯಾವುದು ಎಂದು ಕಂಟ್ರಾಕ್ಟರ್ ಏನೇನೋ ಕೇಳಿದ್ದಕ್ಕೆಲ್ಲ ಅವನು ಮಾವನ ಹಾಗೆಯೇ ನೆಲ ನೋಡಿ, ತಡೆದು ತಡೆದು ಉತ್ತರ ಕೊಟ್ಟ. ಸಂಜೆಯೊಳಗೆ ಯಂತ್ರ ಲಾರಿ ಹತ್ತುತ್ತದೆ, ಬಣ್ಣದ ಬೊಟ್ಟುಗಳೂ ಅದರ ಜೊತೆಗೇ ಹೋಗುತ್ತವೆ, ಸಾಕ್ಷಿಯೆಂದರೆ ನಾಯಿಯೊಂದೇ ಎಂದು ಒಳಗಿನಿಂದ ಯಾರೋ ಲೆಕ್ಕ ಒಪ್ಪಿಸುತ್ತಿದ್ದರು. ಓನರು ಊಟಕ್ಕೆ ಮನೆಗೆ ಹೋಗಿಬನ್ನಿ ಮೇಸ್ತ್ರಿ, ಬಂದ ಮೇಲೆ ಲಾರಿಗೆ ಹತ್ತಿಸೋಣ ಎಂದ. ಬನ್ನಿ ಎಂದ, ಬಾ ಅಲ್ಲ. ಆ ಬಹುವಚನವನ್ನು ಹೊತ್ತುಕೊಂಡು ಅವನು ಸ್ಕೂಟರ್ ಹತ್ತಿದ. ಅಂಗಿಯಿಂದ ಥಿನ್ನರಿನ ವಾಸನೆ ಹೊಡೆಯುತ್ತಿತ್ತು.

ಮನೆಯಲ್ಲಿ ಮಿಕ್ಸಿ ಇರಲಿಲ್ಲ. ಮಿಕ್ಸಿಯಾಗಿದ್ದದ್ದೆಲ್ಲ ಹಳೆಯ ದಿನಪತ್ರಿಕೆಯ ಮೇಲೆ, ಒಂದೊಂದು ಸ್ಕ್ರೂವಿಗೂ ಬೊಟ್ಟಿಟ್ಟು, ಹರಡಿಕೊಂಡಿತ್ತು. ಮಾವ ನೆಲದ ಮೇಲೆ ಕೂತು ಅದನ್ನು ಮರುಜೋಡಿಸುತ್ತಿದ್ದರು. ಹೆಂಡತಿ ಒಂದು ಮೂಲೆಯಲ್ಲಿ, ಎಲ್ಲ ಆಸೆ ಬಿಟ್ಟವಳಂತೆ, ತರಕಾರಿ ಹೆಚ್ಚುತ್ತಿದ್ದಳು. ಸಿಕ್ತಾ, ಎಂದು ಮಾವ ತಲೆಯೆತ್ತದೆ ಕೇಳಿದರು. ಸಿಕ್ತು, ಕಪ್ಲರು ಅದಲು ಬದಲಾಗಿತ್ತು, ನೀವು ಹೇಳಿದ ಹಾಗೆ ಎಂದ ಅಳಿಯ. ಮಾವನ ಕೈ ನಿಂತಿತು.

ಹಿಡಿದಿದ್ದ ಸ್ಕ್ರೂವನ್ನು ಅವರು ಪತ್ರಿಕೆಯ ಮೇಲೆ ವಾಪಸು ಇಟ್ಟರು. ಆಮೇಲೆ ಎದ್ದು, ಮಗಳ ಪೆಟ್ಟಿಗೆಯಿಂದ ನೈಲ್ ಪಾಲಿಷಿನ ಎರಡು ಸೀಸೆ ತಂದು ಅವಳ ಕೈಗೆ ಕೊಟ್ಟು, ದೂರ ಹೋಗಿ ಕಿಟಕಿಯ ಹತ್ತಿರ ನಿಂತು, ಒಂದೊಂದಾಗಿ ಎತ್ತಿ ತೋರಿಸು ಎಂದರು. ಅವಳು ಗಂಡನ ಮುಖ ನೋಡುತ್ತ ತೋರಿಸಿದಳು. ಕೆಂಪು, ಎಂದರು ಮಾವ. ಗುಲಾಬಿ. ಕೆಂಪು. ಇನ್ನೂ ಹಿಂದೆ ಸರಿದು, ಕನ್ನಡಕ ತೆಗೆದೂ ಹೇಳಿದರು. ತಪ್ಪಲಿಲ್ಲ. ಕಣ್ಣು ಸರಿಯಾಗಿದೆ, ಎಂದು ತಮಗೆ ತಾವೇ ಎಂಬಂತೆ ಅಂದುಕೊಂಡು, ಎರಡು ಕೈಯನ್ನೂ ಮುಂದೆ ಚಾಚಿ ನೋಡಿದರು. ಕೈ ನಡುಗಲಿಲ್ಲ. ಕೈಯೂ ಸರಿಯಾಗಿದೆ. ಯಂತ್ರ ಕೆಟ್ಟಾಗ ಅವರು ಹೀಗೆಯೇ, ಒಂದೊಂದನ್ನೇ ನೋಡಿ, ಒಂದೊಂದನ್ನೇ ಬಿಟ್ಟು ಮುಂದೆ ಹೋಗುತ್ತಿದ್ದರು. ಇವತ್ತು ಯಂತ್ರದ ಜಾಗದಲ್ಲಿ ಅವರೇ ಇದ್ದರು. 

‘ಹಾಗಾದ್ರೆ ತಲೆ’ ಎಂದರು ಮಾವ. ‘ಹಾಕಿದ್ದೇ ನೆನಪಿಲ್ಲ ನೋಡು. ನಾನು ಆಫೀಸಿಗೆ ಹೋಗಿದ್ದು ನೆನಪಿದೆ, ಬಂದಿದ್ದು ನೆನಪಿದೆ. ಆ ಎರಡನ್ನ ಹಾಕಿದ್ದು ಮಾತ್ರ ಎಷ್ಟು ಯೋಚಿಸಿದ್ರೂ ಬರ್ತಾ ಇಲ್ಲ.’

ಹಾಕದೆ ಇದ್ದದ್ದು ನೆನಪಿಗೆ ಬರುವುದು ಹೇಗೆ! ಅಳಿಯ ಬಾಯಿ ತೆರೆದ. ಆದರೆ ಮಾವ ಆಗಲೇ ನೆಲದ ಮೇಲೆ ಕೂತು, ಈ ಮಿಕ್ಸಿಯನ್ನ ಅದಕ್ಕೇ ಬಿಚ್ಚಿದೆ, ತಲೆ ಸರಿಯಾಗಿದ್ದರೆ ಇದು ತಿರುಗಬೇಕು, ತಿರುಗದಿದ್ದರೆ ನಾನು ಮನೆಯಲ್ಲಿರೋದೇ ಸರಿ ಎಂದು ಹೇಳಿ, ಕೊನೆಯ ಸ್ಕ್ರೂ ಬಿಗಿದು, ಮಿಕ್ಸಿಯನ್ನು ಕಟ್ಟೆಯ ಮೇಲಿಟ್ಟು, ಸ್ವಿಚ್ ಹಾಕು ಎಂದು ಅವನಿಗೆ ಹೇಳಿದರು. ಅಳಿಯ ಸ್ವಿಚ್ಚಿನ ಮೇಲೆ ಬೆರಳಿಟ್ಟ. ಆ ಗಳಿಗೆಯಲ್ಲಿ ಅವನ ಮನಸ್ಸು ಏನನ್ನು ಬಯಸಿತು ಎಂದು ಯಾರಾದರೂ ಕೇಳಿದ್ದರೆ ಅವನು ಸುಳ್ಳು ಹೇಳುತ್ತಿದ್ದ. ಬೆಳಗ್ಗೆ ಒಲೆಯ ಮುಂದೆ ಬೇಡಿಕೊಂಡದ್ದನ್ನೇ ಅದು ಮತ್ತೆ ಬೇಡುತ್ತಿತ್ತು: ಇದೊಂದಾದರೂ ಕೆಟ್ಟಿರಲಪ್ಪಾ. ಆಗ ಎಲ್ಲವೂ ತಾನಾಗಿಯೇ ಸರಿಹೋಗುತ್ತಿತ್ತು, ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ, ಗಾಜಿನ ಲೋಟ ಅವನದಾಗಿಯೇ ಉಳಿಯುತ್ತಿತ್ತು. ಅವನು ಮಾವನ ಮುಖ ನೋಡಿದ. ಮಾವ ಮಿಕ್ಸಿಯನ್ನಲ್ಲ, ಮಿಕ್ಸಿಯ ಮೇಲಿಟ್ಟ ತಮ್ಮ ಕೈಯನ್ನು ನೋಡುತ್ತಿದ್ದರು, ಹೆದರಿದ್ದರು. ಇಷ್ಟು ವರ್ಷದಲ್ಲಿ ಮಾವ ಹೆದರಿದ್ದನ್ನು ಅವನು ನೋಡಿಯೇ ಇರಲಿಲ್ಲ. ಅಯ್ಯೋ, ಎಂಥ ಮನುಷ್ಯ ನಾನು, ಎನ್ನಿಸಿ ಅವನ ಕಣ್ಣು ಮಂಜಾಯಿತು. ಸ್ವಿಚ್ ಒತ್ತಿದ.

ಮಿಕ್ಸಿ ಅಬ್ಬರಿಸಿತು. ಕೊಂಡ ದಿನ ಕೂಡ ಅದು ಅಷ್ಟು ಚೆನ್ನಾಗಿ ತಿರುಗಿರಲಿಲ್ಲ. ಆ ಅಬ್ಬರದ ನಡುವೆ ಅಳಿಯ ನಾನೇ ಹಾಕಿದ್ದು ಎಂದು ಹೇಳಿದ. ಯಾರಿಗೂ ಕೇಳಲಿಲ್ಲ. ಮಾವ ಕಿವಿಗೆ ಕೈ ಹಿಡಿದು ಆಂ ಎಂದರು. ಅವನು ಗಂಟಲೆತ್ತಿ ಕೂಗಿದ, ನಾನೇ ಮಾವ, ಬಣ್ಣ ನೋಡದೆ, ಸಿಟ್ಟಲ್ಲಿ! ಅದೇ ಹೊತ್ತಿಗೆ ಹೆಂಡತಿ ಸ್ವಿಚ್ ಆರಿಸಿದ್ದರಿಂದ ಕೊನೆಯ ಪದ ಇಡೀ ಮನೆಗೆ, ಪಕ್ಕದ ಮನೆಗೂ, ಕೇಳಿಸಿತು. ಆಮೇಲೆ ಅವನು ಅದನ್ನು ಮೂರನೆಯ ಸಲ, ಮೆಲ್ಲಗೆ, ಪೂರ್ತಿಯಾಗಿ ಹೇಳಬೇಕಾಯಿತು. ಗಿರಾಕಿ ಅಂದದ್ದು, ಕಿವಿ ಕಾದದ್ದು, ಟಕ್ ಟಕ್ ಎಂದು ಒತ್ತಿದ್ದು, ನಿನ್ನೆ ಓನರಿಗೆ ಹೇಳಿದ್ದು, ಥಿನ್ನರು, ಗಾಜಿನ ಲೋಟದ ಟೀ. ಲೋಟದ ವಿಷಯ ಯಾರೂ ಕೇಳಿರಲಿಲ್ಲ. ಹೆಂಡತಿ ಚಾಕುವನ್ನು ಕೆಳಗಿಟ್ಟು, ವಯಸ್ಸಾಯ್ತು ಅಂದ್ರಲ್ಲ ರಾತ್ರಿ, ಎಂದಳು. ಅಷ್ಟೇ ಅಂದಳು. ಅದು ಅವನಿಗೆ ಸಾಯುವವರೆಗೆ ಸಾಕಾಗುವಷ್ಟಿತ್ತು.

ಮಾವ ಎರಡು ಸೀಸೆಗಳ ಮುಚ್ಚಳವನ್ನು ನಿಧಾನವಾಗಿ ಬಿಗಿದರು. ಬೈಯಲಿಲ್ಲ. ಅವರ ಮುಖದ ಮೇಲೆ ಸಿಟ್ಟು ಬರುತ್ತದೋ ಎಂದು ಅಳಿಯ ಕಾದ, ಬಂದದ್ದು ಬೇರೆ ಏನೋ. ರಾತ್ರಿಯೆಲ್ಲ ಹೊತ್ತ ಮೂಟೆ ಇಳಿಸಿದವರ ಹಾಗೆ ಅವರು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರು ಬಿಟ್ಟರು. ತಲೆ ಸರಿಯಾಗಿತ್ತು. ಅಷ್ಟು ಸಾಕಾಗಿತ್ತು ಅವರಿಗೆ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದರು.

‘ಇನ್ನೊಂದ್ಸಲ ಹೇಳು.’

‘ಯಾಕೆ ಮಾವ? ಕೇಳಿಸ್ಲಿಲ್ವಾ?’

‘ಕೇಳಿಸ್ತು. ಅಲ್ಲಿ ಹೋಗಿ ಹೇಳ್ಬೇಕಲ್ಲ, ಅಭ್ಯಾಸ ಆಗ್ಲಿ. ಅಳೋದು ಮಾತ್ರ ಬೇಡ. ಲಾರಿಯವ್ರೆಲ್ಲ ಇರ್ತಾರೆ.’

ಊಟ ಮಾಡುವಾಗ ಅವನು ಅದನ್ನು ಎರಡು ಸಲ ಹೇಳಿದ. ಹೆಂಡತಿ ಒಂದು ಕಡೆ ತಿದ್ದಿದಳು. ‘ಅದಲು ಬದಲಾಗಿತ್ತು’ ಎನ್ನಬೇಡಿ, ‘ಮಾಡಿದೆ’ ಎನ್ನಿ ಎಂದಳು. ಅಂಗಿ ಬದಲಾಯಿಸಲು ಹೋದರೆ ಮಾವ ಬೇಡ, ಹಾಗೇ ಬಾ, ವಾಸನೆ ಇರಲಿ ಎಂದರು. ಚಪ್ಪಲಿ ಮೆಟ್ಟುವಾಗ ಅವರ ಕಾಲು ಅವಸರದಲ್ಲಿ ತಪ್ಪಿ, ಎಡದ್ದು ಬಲಕ್ಕೆ ಹೋಯಿತು; ಮೂವರೂ ಅದನ್ನು ನೋಡಿದರು, ಮಾವ ಮೊದಲು ನಕ್ಕರು, ನಕ್ಕ ಮೇಲೆ ಅಳಿಯನಿಗೂ ನಗಲು ಧೈರ್ಯ ಬಂತು. ಹೆಂಡತಿ ಮಾತ್ರ ನಗಲಿಲ್ಲ. ಅವಳ ಸರದಿ ರಾತ್ರಿಗೆ ಕಾದಿದೆ ಎಂಬುದು ಅವನಿಗೆ ತಿಳಿದಿತ್ತು.

ಸ್ಕೂಟರು ಮತ್ತೆ ಭಾರವಾಗಿ, ಕುಣಿಯದೆ, ನೆಲ ಕಚ್ಚಿಕೊಂಡು ಓಡಿತು. ತಿರುವು ಬಂತು. ಹ್ಞೂಂ, ಎಂದಿತು ಬೆನ್ನ ಹಿಂದಿನ ದನಿ. ಅವನು ಕೈ ತೋರಿಸಿದ. ಇನ್ನೊಂದು ತಿರುವಿನಲ್ಲಿ, ತಾನು ಸುಮ್ಮನಿದ್ದುಬಿಟ್ಟರೆ, ಮಾವನೂ ಸುಮ್ಮನಿದ್ದುಬಿಡುತ್ತಾರೆ, ‘ಇರಬಹುದು’ ಎಂದು ಇನ್ನೊಂದು ಸಲ ಹೇಳಿದರೂ ಹೇಳಿಯಾರು ಎಂಬ ಯೋಚನೆ ಬಂತು. ಬಂದ ಯೋಚನೆಗೆ ಹೊಟ್ಟೆಯ ಮೇಲಿನ ಥಿನ್ನರಿನ ಉರಿ ಸರಿಯಾಗಿ ಉತ್ತರ ಕೊಟ್ಟಿತು. ಯಾರ್ಡಿನ ಗೇಟು ತೆರೆದಿತ್ತು. ಉದ್ದನೆಯ ಲಾರಿ ಬಂದು ನಿಂತಿತ್ತು, ಅದರ ಡ್ರೈವರು, ವಾಚ್‌ಮನ್ನು, ಹಲ್ಲುಕಡ್ಡಿಯ ಕಂಟ್ರಾಕ್ಟರು, ನಾಯಿ, ಎಲ್ಲರೂ ಎಕ್ಸ್‌ಕವೇಟರಿನ ಸುತ್ತ ಸೇರಿದ್ದರು, ಕರೆದು ಕೂರಿಸಿದ್ದರೂ ಇಷ್ಟು ಜನ ಸೇರುತ್ತಿರಲಿಲ್ಲ. ಓನರು ಕೈಯೆತ್ತಿ, ಅಷ್ಟು ದೂರದಿಂದಲೇ, ದೊಡ್ಡ ದನಿಯಲ್ಲಿ ಕೂಗಿದ: ‘ಬನ್ನಿ ಮೇಸ್ತ್ರಿ, ನಿಮಗೇ ಕಾಯ್ತಾ ಇದ್ವಿ.’

ಅಳಿಯ ಸ್ಕೂಟರ್ ನಿಲ್ಲಿಸಿದ. ಇಂಜಿನ್ ಆರಿಸಿದ. ಅಭ್ಯಾಸ ಮಾಡಿದ್ದ ವಾಕ್ಯವೆಲ್ಲ ಮರೆತುಹೋಗಿತ್ತು.

‘ಮೇಸ್ತ್ರಿ ಹಿಂದೆ ಕೂತಿದ್ದಾರೆ ಸಾರ್’ ಎಂದ. ‘ನಾನು ಅಳಿಯ. ಕಪ್ಲರ್ ತಪ್ಪು ಹಾಕಿದೋನು.’